ಹುಲ್ಲಿನ ಕಲ್ಲು

ಸಾರ್ಜೆಂಟ್ ವಾಯಿಮ್ ಟೋಪಿ ತೆಗೆದು ಪಕ್ಕಕ್ಕಿಟ್ಟು, ವಿಮಾನದ ಬಯಲಿನ ನಟ್ಟನಡುವೆ ಬೋರಲು ಮಲಗಿದ್ದ. ಕೆನ್ನೆಯನ್ನು ಒದ್ದೆ ಹುಲ್ಲಿಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಇಳಿಜಾರಿನ ಉದ್ದಕ್ಕೂ ನೋಡುತ್ತಿದ್ದ.

ಬೇಲಿಯಾಚೆ ಸಾವಿನ ಮನೆಗೆ ಗೆಣಸು ಹೊತ್ತು ಹೊರಟಿದ್ದ ಹೆಂಗಸರು ನಿಂತರು. ಮೈಗೆಲ್ಲ ಬಿಳಿ ಜೇಡಿ ಬಳಿದುಕೊಂಡ ಆ ದುಃಖದಲ್ಲೂ ಒಬ್ಬಳಿಗೆ ಬಾಯಿ ಸುಮ್ಮನಿರಲಿಲ್ಲ.

"ಸರ್ಕಾರ ಸಂಬಳ ನಿಲ್ಲಿಸಿರಬೇಕು ಕಣ್ರೇ. ಸಾರ್ಜೆಂಟು ಹುಲ್ಲು ಮೇಯ್ತಾ ಇದ್ದಾನೆ."

ವಾಯಿಮ್ ತಲೆ ಎತ್ತಲಿಲ್ಲ. ನಿಂತವನಿಗೆ ಕಾಣದ್ದು ಮಲಗಿದವನಿಗೆ ಕಾಣುತ್ತದೆ ಎಂಬುದನ್ನು ಅವನು ಪೊಲೀಸು ಸೇರುವ ಮೊದಲೇ, ಕಳುವಾದ ಹಂದಿಗಳ ಜಾಡು ಹಿಡಿದು ತಿರುಗುತ್ತಿದ್ದ ಕಾಲದಲ್ಲೇ ಕಲಿತಿದ್ದ.

ಯೊಂಬಾಯಿ ಊರಿನ ಬಯಲೆಂದರೆ ಗುಡ್ಡದ ಬೆನ್ನಿಗೆ ಹಾಸಿದ ಒಂದು ಹುಲ್ಲಿನ ಪಟ್ಟಿ, ಅಷ್ಟೇ. ಮೇಲಿನ ತುದಿಗೆ ಬಂಡೆ, ಕೆಳಗಿನ ತುದಿಗೆ ಕೊರಕಲು. ಬರುವ ವಿಮಾನ ಏರುಮುಖವಾಗಿ ಇಳಿಯಬೇಕು. ಹೋಗುವ ವಿಮಾನ ಇಳಿಮುಖವಾಗಿ ಓಡಿ, ಕೊರಕಲು ಬರುವುದರೊಳಗೆ ಗಾಳಿ ಹಿಡಿಯಬೇಕು. ಬೇರೆ ದಾರಿ ವಿಮಾನಕ್ಕೂ ಇಲ್ಲ, ಊರಿಗೂ ಇಲ್ಲ.

ಮೊನ್ನೆ ಬೆಳಿಗ್ಗೆ ಓಡಿದ ವಿಮಾನ ಗಾಳಿ ಹಿಡಿಯಲಿಲ್ಲ. ಕೊರಕಲಿಗೆ ಮೂತಿ ಊರಿ ಬಾಲ ಮೇಲೆತ್ತಿಕೊಂಡು ಇನ್ನೂ ಅಲ್ಲೇ ನಿಂತಿತ್ತು. ಊರಿನ ಎರಡು ಕುಲಗಳಲ್ಲಿ ಮೇಲಿನ ಕುಲದ ಹಿರಿಯ, ಬಾರೆ, ಅದರೊಳಗೇ ಸತ್ತಿದ್ದ. ವಾಗಿ ಎಂಬ ಹೆಸರಿನ ಪೈಲಟ್ ಮೈತುಂಬ ಮೂಳೆ ಮುರಿದುಕೊಂಡು ಬದುಕಿದ್ದ. ಅದೇ ದಿನ ಹೆಲಿಕಾಪ್ಟರಿನಲ್ಲಿ ಬಂದ ಅಧಿಕಾರಿ ಚೆಲ್ಲಿದ ಕಾಫಿ ಮೂಟೆಗಳನ್ನು ಕಾಲಿನಲ್ಲಿ ತಿರುಗಿಸಿ ನೋಡಿ, ಭಾರ ಹೆಚ್ಚಾಯಿತು, ಇನ್ನೇನೂ ಇಲ್ಲ ಎಂದು ತೀರ್ಪು ಹೇಳಿಬಿಟ್ಟಿದ್ದ. ಗಾಯಾಳುವನ್ನು ಈಗ ಅಲುಗಿಸುವಂತಿಲ್ಲ, ಮೂರು ದಿನ ಬಿಟ್ಟು, ಅಂದರೆ ನಾಳೆ, ಬೆಳಿಗ್ಗೆ ಮೋಡ ಎದ್ದ ಕೂಡಲೇ ಮತ್ತೆ ಬರುತ್ತೇನೆ, ಪೈಲಟ್‌ನನ್ನು ದೊಡ್ಡಾಸ್ಪತ್ರೆಗೂ ತೂಕ ಹಾಕಿದವನನ್ನು ಜೈಲಿಗೂ ಒಟ್ಟಿಗೇ ಒಯ್ಯುತ್ತೇನೆ ಎಂದು ಹಾರಿಹೋಗಿದ್ದ.

ತೂಕ ಹಾಕಿದವನು ಗಾಂದೆ. ವಾಯಿಮ್‌ನ ತಂಗಿ ಅಪೊಲೋನಿಯಾಳ ಗಂಡ.

ಗಾಂದೆ ಈ ಕಣಿವೆಯವನಲ್ಲ. ಹೊಳೆಯಾಚೆಯಿಂದ ಬಂದು ನೆಂಟಸ್ತನದಿಂದ ನೆಲೆ ನಿಂತವನು. ಅವನ ಹಿಂದೆ ನಿಲ್ಲುವ ಕುಲ ಇಲ್ಲಿ ಇಲ್ಲ. ಪಟ್ಟಣದ ಜೈಲಿಗೆ ಹೋದರೆ ಅವನ ಪರ ಕೇಳುವವರಿಲ್ಲ. ಬಿಟ್ಟು ಕಳಿಸಿದರೂ, ಸತ್ತ ಬಾರೆಯ ಮಕ್ಕಳಿರುವ ಊರಿಗೆ ಅವನು ಮತ್ತೆ ಕಾಲಿಡುವ ಹಾಗಿಲ್ಲ. ಅಪೊಲೋನಿಯಾ ಅಣ್ಣನ ಮುಂದೆ ಅತ್ತಿರಲಿಲ್ಲ. ಅವರು ಕರ್ಕೊಂಡು ಹೋಗೋದ್ರೊಳಗೆ ನಿಜ ಏನು ಅಂತ ಹುಡುಕಿಕೊಡು, ಅಷ್ಟು ಸಾಕು ಎಂದಿದ್ದಳು. ಅಷ್ಟು ಸಾಕು ಎಂದು ಕೇಳುವವರು ಕೇಳುವುದು ಯಾವಾಗಲೂ ದೊಡ್ಡದನ್ನೇ.

ಈಗ ಹುಲ್ಲಿನ ಮಟ್ಟಕ್ಕೆ ಕಣ್ಣಿಟ್ಟಾಗ ಗಾಲಿಯ ಮೂರು ಗೆರೆಗಳು ಚೆನ್ನಾಗಿ ಕಂಡವು. ಮೇಲಿನಿಂದ ಬರುವಾಗ ತೆಳ್ಳಗೆ, ಬಾಚಣಿಗೆ ಎಳೆದ ಹಾಗೆ. ಹಾಗೇ ಬಂದು, ಬಂದು, ಒಂದು ಕಡೆ ಇದ್ದಕ್ಕಿದ್ದಂತೆ ಕಂದು ಗಾಯವಾಗಿ ಹುಲ್ಲು ಕಿತ್ತುಕೊಂಡು ಕೊರಕಲಿನವರೆಗೂ ಜಾರಿದ್ದವು. ಪೈಲಟ್ ಅಲ್ಲಿ ಬ್ರೇಕು ಒತ್ತಿದ್ದಾನೆ.

ಆ ಗಾಯ ಶುರುವಾದ ಕಡೆಯಿಂದ ಕಣ್ಣನ್ನು ನೇರ ಪಕ್ಕಕ್ಕೆ ಸರಿಸಿದರೆ, ಬಯಲಿನ ಅಂಚಿನಲ್ಲಿ ಸುಣ್ಣದ ಬಣ್ಣ ಬಳಿದ ಕಲ್ಲು ಕೂತಿತ್ತು. ಗಬ್ಬದ ಹಂದಿಯಷ್ಟು ದೊಡ್ಡದು.

ವಾಯಿಮ್ ಎದ್ದು ಕೂತ. ಅಂಗಿಯ ಜೇಬಿನಿಂದ ಹಳೆಯ ಪೇಪರಿನ ಪಟ್ಟಿ ಹರಿದು, ಹೊಗೆಸೊಪ್ಪು ಉದುರಿಸಿ ಸುತ್ತುವ ಮೊದಲು ಪಟ್ಟಿಯಲ್ಲಿದ್ದ ಅಕ್ಷರಗಳನ್ನು ಕೂಡಿಸಿ ಓದಿದ. ಯಾರದೋ ಮದುವೆಯ ಸುದ್ದಿಯ ಅರ್ಧ. ಓದದೆ ಸುಡುವುದು ಅವನಿಗೆ ಆಗದು. ಹೊಗೆ ಬಿಡುತ್ತಾ ಯೋಚಿಸಿದ. ಹೆದರಿದ ಮನುಷ್ಯ ಎಲ್ಲಿ ಬೇಕಾದರೂ ಬ್ರೇಕು ಒತ್ತುತ್ತಾನೆ. ಇವನು ಕಲ್ಲಿಗೆ ಸರಿಯಾಗಿ, ದಾರ ಹಿಡಿದು ಅಳೆದ ಹಾಗೆ ಒತ್ತಿದ್ದಾನೆ. ಯಾಕೆ?

ಕಲ್ಲು ಎಲ್ಲರಿಗೂ ಗೊತ್ತಿದ್ದದ್ದೇ. ಹುಲ್ಲಿನ ಕಲ್ಲು ಅಂತಲೇ ಅದರ ಹೆಸರು. ಬಂಡೆಯಿಂದ ಕಲ್ಲಿನವರೆಗೆ ಮೇಲಿನ ಕುಲದವರು ಹುಲ್ಲು ಕೊಯ್ಯಬೇಕು, ಕಲ್ಲಿನಿಂದ ಕೊರಕಲಿನವರೆಗೆ ಕೆಳಗಿನ ಕುಲದವರು. ಬೀಸುಕತ್ತಿ ಹಿಡಿದು ಸಾಲಾಗಿ ಬಂದವರು ಕಲ್ಲು ಮುಟ್ಟಿ, ಬೆನ್ನು ನೀವಿಕೊಂಡು, ಎದುರಿನವರನ್ನು ಸೋಮಾರಿಗಳೆಂದು ಬೈದು ಮನೆಗೆ ಹೋಗುತ್ತಿದ್ದರು.

ವಾಯಿಮ್ ಕಲ್ಲಿನ ಹತ್ತಿರ ಹೋಗಿ ಬೇಲಿಯ ಗೂಟವೊಂದನ್ನು ಅಡಿಗೆ ತೂರಿಸಿ ಮೀಟಿದ. ಅದು ನರಳಿಕೊಂಡು ಒಂದು ಕಡೆ ಎದ್ದಿತು. ಬಗ್ಗಿ ಕೈ ಹಾಕಿ ತಳದ ಹುಲ್ಲನ್ನು ಹಿಡಿಯಷ್ಟು ಕಿತ್ತ.

ಹುಲ್ಲು ಚಪ್ಪಟೆಯಾಗಿ ಹಳದಿಗೆ ತಿರುಗಿತ್ತು. ಆದರೆ ಬುಡ ಇನ್ನೂ ಹಸಿರು.

ವರ್ಷಗಟ್ಟಲೆ ಕಲ್ಲು ಕೂತ ಜಾಗದಲ್ಲಿ ಹುಲ್ಲೇ ಇರಬಾರದು. ಇಲ್ಲಿ ಇನ್ನೂ ಜೀವವಿದೆ. ಎದ್ದುಹೋದವನ ಕುರ್ಚಿ ಬೆಚ್ಚಗಿದ್ದರೆ ಅವನು ಈಗ ತಾನೇ ಹೋದ ಅನ್ನುತ್ತಾರೆ. ಇದು ಅದರ ತಿರುಗುಮುರುಗು: ಕೂತವನು ಈಗ ತಾನೇ ಬಂದು ಕೂತಿದ್ದಾನೆ.

ಹಾಗಾದರೆ ಮೊದಲು ಎಲ್ಲಿ ಕೂತಿದ್ದ?

ಅಂಚು ಹಿಡಿದು ಮೇಲಕ್ಕೆ ನಡೆದ. ಒಂದು ಕಲ್ಲನ್ನು ಬೀಸಿ ಎಸೆದರೆ ಹೋಗಿ ಬೀಳುವಷ್ಟು ದೂರದಲ್ಲಿ ಕೊಯ್ದ ಹುಲ್ಲಿನ ಒಂದು ಗುಪ್ಪೆ ಇತ್ತು. ಬೇರೆಲ್ಲ ಗುಪ್ಪೆಗಳನ್ನು ಬೇಲಿಯಾಚೆ ಎಸೆದಿದ್ದರು, ಇದೊಂದನ್ನು ಬಿಟ್ಟಿದ್ದರು. ಕಾಲಿನಿಂದ ಸರಿಸಿದ. ಕೆಳಗೆ ಬೋಳು ನೆಲ. ಬೆಳಕು ಕಂಡು ಎರೆಹುಳುಗಳು ಗಾಬರಿಯಿಂದ ಮಣ್ಣಿಗಿಳಿದವು. ಸುತ್ತ ಬಿಳಿ ಬಣ್ಣದ ಹೊಪ್ಪಳಿಕೆಗಳು, ಮೊಟ್ಟೆಯ ಸಿಪ್ಪೆಯ ಹಾಗೆ.

"ಸಿಕ್ಕಿತು ನಿನ್ನ ಮನೆ," ಎಂದ ವಾಯಿಮ್ ಕಲ್ಲಿಗೆ.

ಸಿಕ್ಕಿದ್ದು ಏನು ಎನ್ನುವುದು ಮಾತ್ರ ಅವನಿಗೆ ಇನ್ನೂ ಗೊತ್ತಿರಲಿಲ್ಲ. ಹುಲ್ಲು ಕೊಯ್ಯುವ ಪಾಲಿನ ಕಲ್ಲು ಸರಿದರೆ ಒಂದು ಕುಲದವರಿಗೆ ಬೆನ್ನು ನೋವು ಜಾಸ್ತಿ ಆಗಬಹುದು. ವಿಮಾನಕ್ಕೇನು?

ಊರಲ್ಲಿ ಪೊಲೀಸು ಕೋಣೆ ಇಲ್ಲದ್ದರಿಂದ ಗಾಂದೆಯನ್ನು ಅವನದೇ ತೂಕದ ಕೊಟ್ಟಿಗೆಯಲ್ಲಿ ಕೂಡಿಹಾಕಲಾಗಿತ್ತು. ತಗಡಿನ ಮಾಡು, ತಂತಿಬಲೆಯ ಗೋಡೆ. ಬೀಗದ ಕೈ ವಾಯಿಮ್‌ನ ಕುತ್ತಿಗೆಯಲ್ಲಿ. ಗಾಂದೆ ತಕ್ಕಡಿಯ ಹಲಗೆಯ ಮೇಲೇ ಕೂತಿದ್ದ. ಅವನ ತಲೆಯ ಮೇಲೆ ಮುಳ್ಳು ಅವನ ತೂಕವನ್ನೇ ತೋರಿಸುತ್ತಿತ್ತು.

ತಕ್ಕಡಿ ಸರಿ ಇದೆ ಎಂಬುದನ್ನು ವಾಯಿಮ್ ನಿನ್ನೆಯೇ ನೋಡಿದ್ದ. ತಾನೇ ಹತ್ತಿ ನಿಂತಾಗ, ಪೊಲೀಸು ತಪಾಸಣೆಯಲ್ಲಿ ಪಟ್ಟಣದ ಡಾಕ್ಟರು ತನಗೆ ಬೈದು ಹೇಳಿದ ತೂಕವನ್ನೇ ಇದೂ ಹೇಳಿತ್ತು, ಬೈಗುಳ ಬಿಟ್ಟು. ಮೂಟೆಗಳನ್ನೂ ತರಿಸಿ ಮತ್ತೆ ತೂಗಿಸಿದ್ದ. ಭಾರ ಹೆಚ್ಚಿರಲಿಲ್ಲ. ಬಾರೆಯ ಹೆಗಲಿನ ಬಲೆಚೀಲವನ್ನು ತೂಗಿರಲಿಲ್ಲ ಎಂದು ಅಧಿಕಾರಿ ಹಿಡಿದುಕೊಂಡಿದ್ದ. ಅದರಲ್ಲಿದ್ದದ್ದು ದಾರಿಗೆಂದು ಸುಟ್ಟ ಗೆಣಸು.

ವಾಯಿಮ್ ಬಲೆಯ ಆಚೆಯಿಂದ ಕಲ್ಲಿನ ವಿಷಯ ತೆಗೆದ. ಅದು ಸರಿದಿದೆ ಎಂದು ಹೇಳಲಿಲ್ಲ. ಆ ಕಲ್ಲು ಯಾಕಿದೆ ಅಂತ ಮಾತ್ರ ಕೇಳಿದ.

"ಹುಲ್ಲಿನ ಕಲ್ಲು ಭಾವ. ನಿನಗೆ ಗೊತ್ತಿಲ್ಲದ್ದಾ?"

"ಪೈಲಟ್‌ಗೆ ಅದರಿಂದ ಏನಾದರೂ ಉಂಟಾ?"

ಗಾಂದೆ ದಣಿದ ನಗು ನಕ್ಕ. "ಪೈಲಟ್ ಆಕಾಶ ನೋಡ್ತಾನೆ. ಕಲ್ಲು ಯಾಕೆ ನೋಡ್ತಾನೆ? ನಾನು ತೂಕದವನು ಭಾವ. ಮುಳ್ಳು ಎಲ್ಲಿ ನಿಲ್ಲುತ್ತೆ, ಅಷ್ಟೇ ನನಗೆ ಗೊತ್ತಿರೋದು."

ನ್ಯಾಯವಾದ ಮಾತು. ವಾಯಿಮ್ ತಲೆದೂಗಿ ಅಲ್ಲಿಂದ ಹೊರಟ. ಆದರೆ ದಾರಿಯಲ್ಲಿ ಒಂದು ಹಳೆಯ ನೆನಪು ಕಾಲಿಗೆ ತೊಡರಿಕೊಂಡಿತು. ಮಳೆ ಬಂದ ಮರುದಿನ ಬೆಳಿಗ್ಗೆ ಎಷ್ಟೋ ಸಲ ವಿಮಾನ ಗುಡುಗಿಕೊಂಡು ಓಡಿ ಬಂದು, ಆ ಕಲ್ಲಿನ ಹತ್ತಿರ ದನಿ ಇಳಿಸಿ, ನಿಂತು, ತಿರುಗಿ ಮತ್ತೆ ಮೇಲಕ್ಕೆ ಹೋಗುತ್ತಿತ್ತು. ಒಂದೆರಡು ಮೂಟೆ ಇಳಿಸಿ, ಗಾಂದೆ ಗೊಣಗುತ್ತಾ ಅವನ್ನು ಕೊಟ್ಟಿಗೆಗೆ ವಾಪಸು ಹೊತ್ತ ಮೇಲೆ ಮತ್ತೆ ಓಡುತ್ತಿತ್ತು. ಬೇಲಿಯ ಮೇಲೆ ಕೂತ ಜನ ಪೈಲಟ್ ಹುಲ್ಲು ನೋಡೋಕೆ ನಿಂತ ಎನ್ನುತ್ತಿದ್ದರು. ನಾಚಿಕೆಯಾಗಿ ಮರುದಿನವೇ ಎಲ್ಲರೂ ಕತ್ತಿ ಹಿಡಿದು ಬರುತ್ತಿದ್ದರು.

ಹುಲ್ಲು ನೋಡೋಕೆ ನಿಂತವನು ಮೂಟೆ ಯಾಕೆ ಇಳಿಸುತ್ತಾನೆ? ಇಷ್ಟು ವರ್ಷ ಈ ಪ್ರಶ್ನೆ ಒಬ್ಬರಿಗೂ ಬಂದಿರಲಿಲ್ಲ. ತನಗೂ ಬಂದಿರಲಿಲ್ಲ.

ಅಪೊಲೋನಿಯಾ ಊರಿನ ಔಷಧಿ ಮನೆಯ ನರ್ಸು. ಅಣ್ಣ ಒಳಗೆ ಬಂದಾಗ ಅವಳು ಪೈಲಟ್‌ನ ತುಟಿಗೆ ಹತ್ತಿಯಲ್ಲಿ ನೀರು ಹಿಂಡುತ್ತಿದ್ದಳು. ವಾಗಿ ಕಡಲ ತೀರದ ಹುಡುಗ. ಬೆಟ್ಟದ ಚಳಿಗೆ ಮೂರು ಕಂಬಳಿ ಹೊದ್ದು ಮಲಗಿದ್ದ. ಮುರಿದ ದವಡೆಯನ್ನು ತಲೆಗೆ ಸೇರಿಸಿ ಕಟ್ಟಿದ್ದಳು. ಎಡಗೈಗೆ ಹಲಗೆ. ಬಲಗೈಯ ಬೆರಳುಗಳು ಜಜ್ಜಿಹೋಗಿ ಬಟ್ಟೆಯ ಉಂಡೆಯೊಳಗಿದ್ದವು. ಮಾತಿಲ್ಲ, ಪೆನ್ಸಿಲು ಹಿಡಿಯುವಂತಿಲ್ಲ. ಎಚ್ಚರ ಬಂದದ್ದೇ ನಿನ್ನೆ ಸಂಜೆ, ಅಧಿಕಾರಿ ಹೋದ ಎಷ್ಟೋ ಹೊತ್ತಿನ ಮೇಲೆ.

ಎಚ್ಚರ ಬಂದಾಗಿನಿಂದ ಒಂದೇ ಕೆಲಸ ಮಾಡುತ್ತಿದ್ದಾನೆ ಎಂದಳು ಅವಳು. ಕೈಯ ಉಂಡೆಯನ್ನು ಕತ್ತಿಯ ಹಾಗೆ ಕಂಬಳಿಯ ಮೇಲೆ ಹೊಡೆಯುತ್ತಾನೆ. ಆಮೇಲೆ ಎದೆಗೆ ಎಳೆದುಕೊಳ್ಳುತ್ತಾನೆ. ಮತ್ತೆ ಹೊಡೆಯುತ್ತಾನೆ, ಮತ್ತೆ ಎಳೆದುಕೊಳ್ಳುತ್ತಾನೆ.

"ಮೊದಲನೇದು ಹುಲ್ಲು," ಎಂದಳು. "ಕಟ್, ಕಟ್ ಅಂತ ಕೈಯಲ್ಲೇ ಹೇಳ್ತಾನೆ. ಹುಲ್ಲು ಸರಿಯಾಗಿ ಕೊಯ್ದಿರಲಿಲ್ಲ ಅಂತ ಹೇಳ್ತಿದ್ದಾನೆ. ಹೊರಗೆ ಎಲ್ಲರೂ ಅದನ್ನೇ ಮಾತಾಡ್ತಿದ್ದಾರೆ, ಕೆಳಗಿನವರದೇ ತಪ್ಪು ಅಂತ. ಎರಡನೇದು ಎದೆನೋವು. ಮಾತ್ರೆ ಕೊಟ್ಟೆ. ಸಿಟ್ಟಿನಿಂದ ತಳ್ಳಿಬಿಟ್ಟ."

ಮಾತ್ರೆ ಇನ್ನೂ ಮಂಚದ ಪಕ್ಕದ ತಟ್ಟೆಯಲ್ಲಿತ್ತು. ದುಂಡಗೆ, ಬೆಳ್ಳಗೆ.

ಹಿಂದಿನ ಕೋಣೆಯಲ್ಲಿ ಮಗುವೊಂದು ಅತ್ತಿತೆಂದು ಅಪೊಲೋನಿಯಾ ಎದ್ದುಹೋದಳು. ವಾಯಿಮ್ ಆ ಮಾತ್ರೆಯನ್ನು ತುಸು ಹೊತ್ತು ನೋಡಿದ. ತಂಗಿಯ ಹಸಿರು ಟವೆಲು ತೆಗೆದು ಕಂಬಳಿಯ ಮೇಲೆ ಉದ್ದಕ್ಕೆ ಹಾಸಿದ. ಅದರ ಅಂಚಿಗೆ, ಕೆಳಗಡೆಗೆ, ಮಾತ್ರೆಯನ್ನಿಟ್ಟ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಟವೆಲಿನ ಮೇಲ್ತುದಿಗೆ ಇಟ್ಟು ಪೈಲಟ್‌ನ ಕಣ್ಣು ನೋಡಿದ. ಕಣ್ಣು ಬೆಂಕಿಪೊಟ್ಟಣಕ್ಕೆ ಅಂಟಿಕೊಂಡಿತು.

ಪೊಟ್ಟಣವನ್ನು ನಿಧಾನ ಕೆಳಗೆ ತಳ್ಳುತ್ತಾ ಬಂದ. ಮಾತ್ರೆಯ ಸಮಕ್ಕೆ ಬಂದಾಗ ವಾಗಿಯ ಕೈ ಎದ್ದು ಹೊಡೆಯಿತು. ಕಟ್. ಆಮೇಲೆ ಉಂಡೆಯಾದ ಆ ಕೈ ಎದೆಯ ಕಡೆಗೆ ಎಳೆದುಕೊಂಡಿತು.

ವಾಯಿಮ್ ಆ ಎಳೆತವನ್ನು ಗುರುತಿಸಿದ. ಅವನು ಎಷ್ಟೋ ಸಲ ಪೈಲಟ್‌ಗಳ ಪಕ್ಕದ ಸೀಟಿನಲ್ಲಿ ಕೂತು ಪಟ್ಟಣಕ್ಕೆ ಹೋದವನು. ಎದುರಿನ ಹಲಗೆಯಲ್ಲಿ ಒಂದು ಗುಬಟು ಇರುತ್ತದೆ. ಒಳಗೆ ಒತ್ತಿದರೆ ಎಂಜಿನ್ನು ಗುಡುಗುತ್ತದೆ. ಹೊರಗೆ ಎಳೆದರೆ ಅಡಗುತ್ತದೆ.

"ಹುಲ್ಲಲ್ಲ," ಎಂದ ಮೆಲ್ಲಗೆ. "ಎಂಜಿನ್ನು. ಕಲ್ಲಿಗೆ ಬರೋದ್ರೊಳಗೆ ವಿಮಾನಕ್ಕೆ ಓಟ ಸಾಲದೇ ಇದ್ರೆ ಎಂಜಿನ್ ಕಟ್. ಅಷ್ಟೇನಾ ತಮ್ಮಾ?"

ವಾಗಿ ಕಣ್ಣು ಮುಚ್ಚಿ ತೆರೆದ. ಹೌದು.

ಅದಾದ ಮೇಲೆ ವಾಯಿಮ್ ಮಾಡಿದ್ದು ಅವನಿಗೇ ಕಷ್ಟವಾಯಿತು. ಮಾತ್ರೆಯನ್ನು ಬೆರಳಿನಿಂದ ಮೇಲಕ್ಕೆ ಸರಿಸಿ, ಬೋಳು ನೆಲ ಕಂಡ ಜಾಗಕ್ಕೆ ಇಟ್ಟ. ಕಲ್ಲು ಇರಬೇಕಾದ್ದು ಇಲ್ಲಿ ಎಂದು ಹೇಳಿದ. ಆಮೇಲೆ ಮತ್ತೆ ಕೆಳಗೆ ಸರಿಸಿ, ಮೊನ್ನೆ ಇದ್ದದ್ದು ಇಲ್ಲಿ ಎಂದ.

ಪೈಲಟ್ ಮಾತ್ರೆಯನ್ನೇ ನೋಡಿದ. ಮಂಜಿನ ಬೆಳಿಗ್ಗೆ, ಎಲ್ಲ ಕಡೆ ಹಸಿರು, ಓಡುವ ವಿಮಾನದಿಂದ ಕಣ್ಣಿಗೆ ಸಿಕ್ಕುವುದು ಒಂದೇ ಒಂದು ಬಿಳಿ ಚುಕ್ಕಿ. ಅದನ್ನು ನಂಬಿ ಬಂದಿದ್ದ. ಕಟ್ ಮಾಡಿದ್ದ. ಒದ್ದೆ ಹುಲ್ಲಿನ ಮೇಲೆ ನಿಲ್ಲಲು ಬೇಕಾದ ನೆಲ ಅಷ್ಟರಲ್ಲಿ ಮುಗಿದಿತ್ತು. ಎಚ್ಚರ ಬಂದಾಗಿನಿಂದ ಅವನು ಯಾರ ಮೇಲೂ ದೂರು ಹೇಳುತ್ತಿರಲಿಲ್ಲ. ನಾನು ಸರಿಯಾಗಿಯೇ ಕಟ್ ಮಾಡಿದೆನಲ್ಲ, ಆದರೂ ಯಾಕೆ ನಿಲ್ಲಲಿಲ್ಲ ಎಂದು ಕೇಳುತ್ತಿದ್ದ. ಈಗ ಅವನ ಕಣ್ಣಿನಿಂದ ನೀರಿಳಿದು ಕಿವಿಯ ಬಟ್ಟೆಗೆ ಸೇರಿತು.

ಅಪೊಲೋನಿಯಾ ಇನ್ನೂ ಹಿಂದಿನ ಕೋಣೆಯಲ್ಲೇ ಆ ಮಗುವಿಗೆ ಸೂಜಿ ಚುಚ್ಚುತ್ತಿದ್ದಳು. ಇದು ಯಾವುದೂ ಅವಳ ಕಿವಿಗೆ ಬೀಳಲಿಲ್ಲ. ಹೊರಡುವಾಗ ಏನಾದರೂ ಸಿಕ್ಕಿತಾ ಎಂದು ಕೂಗಿ ಕೇಳಿದಳು. ಸಿಗೋ ಹಾಗಿದೆ ಎಂದ ವಾಯಿಮ್.

ಕೆಳಗಿನ ಕುಲದ ಹಿರಿಯ ಕವಾಗ್ಲೆ ತನ್ನ ಹಂದಿ ಬೇಲಿಯ ಪಕ್ಕ ಕೂತು ಬೀಸುಕತ್ತಿ ಮಸೆಯುತ್ತಿದ್ದ. ವಾಯಿಮ್‌ಗೆ ತಾಯಿಯ ಕಡೆಯಿಂದ ಸೋದರಮಾವ. ಅವನ ಹಿಂದೆ ಕುಲದ ಗಂಡಸರು ಕೂತಿದ್ದರು. ಬೆಳಗಿನಿಂದ ಇಡೀ ಕಣಿವೆ ಅವರನ್ನು ಹುಲ್ಲುಗಳ್ಳರು ಎಂದು ಕರೆಯುತ್ತಿತ್ತು.

"ಬಾ ಅಳಿಯ," ಎಂದ ಕವಾಗ್ಲೆ, ಕತ್ತಿಯಿಂದ ಕಣ್ಣು ತೆಗೆಯದೆ. "ನೀನೂ ಹುಲ್ಲು ನೋಡೋಕೆ ಬಂದೆಯಾ? ಮಲಗಿ ನೋಡಿದೆಯಂತೆ. ರುಚಿ ಹೇಗಿತ್ತು?"

ವಾಯಿಮ್ ಅವನ ಎದುರು ಕುಕ್ಕರಗಾಲಲ್ಲಿ ಕೂತು, ಕಲ್ಲಿನ ಅಡಿಯಿಂದ ಕಿತ್ತ ಹುಲ್ಲಿನ ಹಿಡಿಯನ್ನು ಮಸೆಗಲ್ಲಿನ ಮೇಲಿಟ್ಟ.

"ನೀನೇ ನೋಡು ಮಾವ. ನಿನಗಿಂತ ಹುಲ್ಲು ಬಲ್ಲವರು ಯಾರಿದ್ದಾರೆ?"

ಮಸೆಯುವ ಸದ್ದು ನಿಂತಿತು. ಮುದುಕ ಒಂದು ಎಳೆ ಎತ್ತಿ, ಬುಡ ಚಿವುಟಿ ನೋಡಿ, ಹಿಂದಿರುಗಿ ತನ್ನ ಗಂಡಸರನ್ನು ನೋಡಿದ. ಅವರಲ್ಲಿ ಇಬ್ಬರು ನೆಲ ನೋಡಿದರು. ಕಲ್ಲು ಉರುಳಿಸಲು ಅಷ್ಟು ಜನ ಬೇಕು.

"ಕಲ್ಲು ಸರಿಸಿದ್ದು ನೀವು," ಎಂದ ವಾಯಿಮ್.

"ಹೌದು."

ಇಷ್ಟು ಸಲೀಸಾಗಿ ಬಂದ ಉತ್ತರಕ್ಕೆ ವಾಯಿಮ್ ಸಿದ್ಧನಿರಲಿಲ್ಲ. ಕವಾಗ್ಲೆ ಕತ್ತಿ ಕೆಳಗಿಟ್ಟು ಕೈ ಒರೆಸಿಕೊಂಡ. ವಿಮಾನ ಬಿದ್ದ ಹಿಂದಿನ ದಿನ ಕೊಯ್ಲು ಮುಗಿಸಿದ ಮೇಲೆ ಸರಿಸಿದೆವು, ಕಳ್ಳತನವಲ್ಲ, ಅದು ನಮ್ಮ ನಮ್ಮ ಬೆನ್ನಿನ ವ್ಯವಹಾರ ಎಂದ. ಹುಲ್ಲಿನ ಕಲ್ಲು ಸರಿದದ್ದಕ್ಕೂ ವಿಮಾನ ಬಿದ್ದದ್ದಕ್ಕೂ ಏನು ಸಂಬಂಧ ಎಂದು ತಿರುಗಿ ಕೇಳಿದ. ಅವನ ಮುಖದಲ್ಲಿ ನಟನೆ ಇರಲಿಲ್ಲ.

ವಾಯಿಮ್ ಬಲಗೈಯನ್ನು ಎತ್ತಿ ಪೈಲಟ್‌ನ ಹಾಗೆಯೇ ಹೊಡೆದು ತೋರಿಸಿದ. "ಕಟ್. ಹೀಗಂದ್ರೆ ಏನು ಮಾವ?"

ಕವಾಗ್ಲೆಯ ಎರಡು ಕೈಗಳೂ ತಾವಾಗಿಯೇ ಎದ್ದು ಎಡದಿಂದ ಬಲಕ್ಕೆ ಬೀಸಿದವು, ಕತ್ತಿ ಹಿಡಿದವನ ಹಾಗೆ. ಹಿಂದಿದ್ದವರಲ್ಲಿ ಒಬ್ಬಿಬ್ಬರ ಭುಜವೂ ಅಲುಗಿತು. ಇನ್ನೇನಿರುತ್ತೆ ಎಂದ ಮುದುಕ. ಆ ಕಲ್ಲು ಇಡಿಸಿದವನೇ ಹಾಗೆ ಹೇಳಿದ್ದ.

ಅದು ಹಳೆಯ ಕಥೆ. ಹಳದಿ ಗಡ್ಡದ ಹಿಂದಿನ ಪೈಲಟ್, ಈಗ ಊರು ಬಿಟ್ಟು ಹೋದವನು, ಒಂದು ದಿನ ಕೊರಕಲಿನಿಂದ ಕಲ್ಲು ಹೊರಿಸಿ ತಂದು, ಬಣ್ಣ ಬಳಿಸಿ, ಎರಡು ಕುಲದವರನ್ನೂ ನಿಲ್ಲಿಸಿ ಉದ್ದಕ್ಕೆ ಏನೋ ಇಂಗ್ಲಿಷು ಮಾತಾಡಿದ. ಕೊನೆಗೆ ಕೈಯಿಂದ ಹೊಡೆದು ತೋರಿಸಿ, ಇಲ್ಲಿ ಕಟ್ ಎಂದ. ಆ ಒಂದು ಮಾತು ಮಾತ್ರ ಎಲ್ಲರಿಗೂ ತಿಳಿಯಿತು. ಮೇಲಿನವರು ಇಲ್ಲಿಯವರೆಗೆ, ಕೆಳಗಿನವರು ಇಲ್ಲಿಂದ. ಎಂಥ ನ್ಯಾಯವಂತ ಎಂದು ಊರೆಲ್ಲ ಹೊಗಳಿತ್ತು.

ವಾಯಿಮ್ ನಗಲಿಲ್ಲ. ನಗು ಗಂಟಲಿನವರೆಗೂ ಬಂದು ಬಾರೆಯ ಹೆಣದ ನೆನಪಿಗೆ ತಿರುಗಿ ಹೋಯಿತು. ಎಂಜಿನ್ನಿನ ವಿಷಯವನ್ನು ಮಾವನಿಗೆ ಬಿಡಿಸಿ ಹೇಳಿದ. ಕೇಳುತ್ತಾ ಕೇಳುತ್ತಾ ಕವಾಗ್ಲೆಯ ಮುಖ ಬೂದಿಯಾಯಿತು. ಬೇಲಿಯೊಳಗೆ ಹಂದಿಯೊಂದು ಬೆನ್ನು ಉಜ್ಜಿಕೊಳ್ಳುತ್ತಿತ್ತು.

"ನಾವು ಕೊಂದೆವು," ಎಂದ ಕೊನೆಗೆ.

"ಗೊತ್ತಿಲ್ಲದೆ."

"ಸತ್ತವನಿಗೆ ಅದರಿಂದ ಏನು? ಆದರೆ ಒಂದು ಮಾತು ಅಳಿಯ. ಸತ್ತವನ ತಲೆ ಮೇಲೆ ಮಾತು ಹೊರಿಸಬಾರದು ಅಂತ ಸುಮ್ಮನಿದ್ದೆ. ಈಗ ಹೇಳದೆ ಇದ್ರೆ ಅದೂ ತಪ್ಪೇ. ಕಲ್ಲು ಸರಿಸೋಕೆ ಹೇಳಿದ್ದು ಬಾರೆಯೇ."

ವಾಯಿಮ್ ಸುತ್ತುತ್ತಿದ್ದ ಹೊಗೆಸೊಪ್ಪು ಕೈಯಲ್ಲೇ ನಿಂತಿತು. ಬಾರೆ ಮೇಲಿನ ಕುಲದವನು. ಕಲ್ಲು ಕೆಳಗೆ ಸರಿದರೆ ಅವನ ಜನಕ್ಕೇ ಹೆಚ್ಚು ಹುಲ್ಲು, ಹೆಚ್ಚು ಬೆನ್ನುನೋವು.

"ನಮ್ಮ ಕಡೆ ಕೊಯ್ಯೋ ಕೈಗಳು ಕಮ್ಮಿಯಾದವು, ಇನ್ನಷ್ಟು ನಾವೇ ಕೊಯ್ತೀವಿ, ಕಲ್ಲು ಕೆಳಗಿಳಿಸಿ ಅಂದ," ಎಂದ ಕವಾಗ್ಲೆ. "ನನಗೂ ಬೆರಗಾಯ್ತು. ಈ ಕಣಿವೆ ಹುಟ್ಟಿದಾಗಿನಿಂದ ಹೆಚ್ಚು ಹುಲ್ಲು ಕೊಡಿ ಅಂತ ಕೇಳಿದವನನ್ನು ನೀನು ನೋಡಿದ್ದೀಯಾ? ಯಾಕಪ್ಪಾ ಅಂದೆ. ನನ್ನ ಮಾತಲ್ಲ, ವಿಮಾನದ ವಿಷಯ ಬಲ್ಲವನೇ ಹಾಗೆ ಮಾಡಿದ್ರೆ ಒಳ್ಳೇದು ಅಂದಿದ್ದಾನೆ ಅಂದ."

"ಯಾರು ಅಂತ ಕೇಳಲಿಲ್ವಾ?"

"ಹುಲ್ಲು ಕಮ್ಮಿಯಾಗ್ತಿರೋವಾಗ ಯಾರು ಕೇಳ್ತಾರೆ?"

ವಾಯಿಮ್ ಪೇಪರಿನ ಪಟ್ಟಿಯನ್ನು ನೋಡಿದ. ಅದರಲ್ಲಿ ಏನು ಬರೆದಿತ್ತೋ ಓದಲು ಮನಸ್ಸಾಗಲಿಲ್ಲ. ಎದ್ದು ನಿಂತ. ನಾಲ್ಕು ಹೆಜ್ಜೆ ಹೋದವನು, ಹೋಗಲೋ ಬೇಡವೋ ಎನ್ನುವಂತೆ ನಿಂತು ತಿರುಗಿದ.

"ಹಳದಿ ಗಡ್ಡದವನು ಉದ್ದಕ್ಕೆ ಇಂಗ್ಲಿಷು ಮಾತಾಡಿದ ಅಂದೆಯಲ್ಲ ಮಾವ. ಆವತ್ತು ಅದು ತಿಳಿಯೋರು ಅಲ್ಲಿ ಒಬ್ಬರೂ ಇರಲಿಲ್ವಾ?"

"ಯಾಕಿರಲಿಲ್ಲ? ಬಣ್ಣದ ಡಬ್ಬಿ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದ. ಆಗಿನ್ನೂ ಹೊಸದಾಗಿ ಬಂದಿದ್ದ, ಮಿಷನ್ ಶಾಲೆಯಿಂದ." ಮುದುಕ ಕತ್ತಿಯ ಅಂಚಿಗೆ ಬೆರಳಾಡಿಸಿದ. "ನಿನ್ನ ತಂಗಿ ಗಂಡ."

ವಾಯಿಮ್ ಬಯಲನ್ನು ಅಡ್ಡ ಹಾಯದೆ ಬೇಲಿಯ ಸುತ್ತ ಬಳಸಿಕೊಂಡು ನಡೆದ. ಬೇಕೆಂದೇ ದೂರದ ದಾರಿ ಹಿಡಿದಿದ್ದ. ಬಿಸಿಲು ಇಳಿಯುತ್ತಿತ್ತು, ಬಂಡೆಯ ಮೇಲೆ ನಾಳೆಯ ಮೋಡ ಈಗಲೇ ಕೂಡುತ್ತಿತ್ತು. ಇಷ್ಟು ವರ್ಷದ ಕೆಳಗೆ ಕೇಳಿದ ಮಾತು ಮರೆತಿರಬಹುದು ಎಂದುಕೊಂಡ. ಆಗ ಹುಡುಗ, ಅರ್ಥವೇ ಆಗಿರದೆ ಇರಬಹುದು ಎಂದುಕೊಂಡ. ಮುಳ್ಳು ಎಲ್ಲಿ ನಿಲ್ಲುತ್ತೆ ಅಷ್ಟೇ ಗೊತ್ತು ಅಂದಿದ್ದನಲ್ಲ. ಹಾಗೇ ಇರಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಭಾರ ಹೆಚ್ಚಿರಲಿಲ್ಲ ಎಂದು ತೋರಿಸಲು ಈಗ ಅವನ ಹತ್ತಿರ ಎಲ್ಲ ಇತ್ತು. ಕಲ್ಲಿನ ಗುರುತು, ಗಾಲಿಯ ಗೆರೆ, ಮಾವನ ಒಪ್ಪಿಗೆ. ನಾಳೆ ಅಧಿಕಾರಿಯ ಮುಂದೆ ಅಷ್ಟನ್ನೇ ಇಟ್ಟು ಬಾಯಿ ಮುಚ್ಚಿದರೆ ಗಾಂದೆ ಮನೆಗೆ ಹೋಗುತ್ತಾನೆ.

ಆದರೆ ತಂಗಿ ಕೇಳಿದ್ದು ಗಂಡನನ್ನಲ್ಲ. ನಿಜವನ್ನು.

ಕೊಟ್ಟಿಗೆಯ ಹತ್ತಿರ ಅಪೊಲೋನಿಯಾ ಬಾಳೆ ಎಲೆಯಲ್ಲಿ ಬಿಸಿ ಗೆಣಸು ಹಿಡಿದು ಬರುತ್ತಿದ್ದಳು. ಅಣ್ಣನ ಮುಖ ನೋಡಿ ನಿಂತಳು. ಒಂದು ಗಳಿಗೆ ಇಲ್ಲೇ ಇರು ಎಂದು ಅವನು ಬೀಗ ತೆಗೆದು ಒಳಗೆ ಹೋದ. ಬಾಗಿಲು ಎಳೆದುಕೊಳ್ಳಲಿಲ್ಲ.

ಗಾಂದೆ ತಕ್ಕಡಿಯ ಹಲಗೆಯ ಮೇಲೆ ತೂಕಡಿಸುತ್ತಿದ್ದ. ಕೂಡಿಹಾಕಿದಾಗಿನಿಂದ ಕಣ್ಣು ಮುಚ್ಚಿದವನಲ್ಲ. ಭಾವನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಕೊಟ್ಟ. ವಾಯಿಮ್ ಕೂರಲಿಲ್ಲ. ಒಳ್ಳೆಯ ಸುದ್ದಿ, ಮೂಟೆಗಳ ಭಾರ ಹೆಚ್ಚಿರಲಿಲ್ಲ ಎಂದು ತೋರಿಸಲು ದಾರಿ ಸಿಕ್ಕಿದೆ ಎಂದ. ಗಾಂದೆಯ ಭುಜ ಇಳಿಯಿತು. ಅವನು ಗೋಡೆಗೆ ತಲೆ ಆನಿಸಿ ಉಸಿರು ಬಿಟ್ಟ.

ಆ ಉಸಿರು ಮುಗಿಯುವ ಮೊದಲೇ ವಾಯಿಮ್ ಹೇಳಿದ. "ಪೈಲಟ್ ಪಾಪ, ಒಂದೇ ಸಮ ಹೀಗೆ ಮಾಡ್ತಿದ್ದಾನೆ." ಬಲಗೈ ಎತ್ತಿ ಗಾಳಿಯಲ್ಲಿ ಹೊಡೆದ. "ಕಟ್."

ಕೈ ಹೊಡೆದು ಅಲ್ಲಿಗೇ ನಿಲ್ಲಿಸಿದ. ಎದೆಗೆ ಎಳೆದುಕೊಳ್ಳುವ ಎರಡನೆಯ ಅರ್ಧವನ್ನು ಅವನು ತೋರಿಸಲಿಲ್ಲ.

ಅದನ್ನು ಗಾಂದೆ ಮಾಡಿದ.

ಮೊಣಕಾಲಿನ ಮೇಲಿದ್ದ ಅವನ ಬಲಗೈ, ನಿದ್ದೆಗಣ್ಣಿನವನ ಕೈ, ತಾನಾಗಿಯೇ ಮುಂದಕ್ಕೆ ಹೋಯಿತು. ಗಾಳಿಯಲ್ಲಿ ಯಾವುದೋ ಗುಬಟನ್ನು ಹಿಡಿದ ಹಾಗೆ ಬೆರಳು ಮಡಿಚಿತು. ಮೆಲ್ಲಗೆ ಎದೆಯ ಕಡೆಗೆ ಎಳೆದುಕೊಂಡಿತು.

ಅರ್ಧ ದಾರಿಯಲ್ಲಿ ನಿಂತಿತು. ಗಾಂದೆ ತನ್ನ ಕೈಯನ್ನೇ ನೋಡಿದ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎದೆ ಕೆರೆದುಕೊಂಡ.

"ಹುಲ್ಲು," ಎಂದ. "ಹುಲ್ಲು ಕೊಯ್ಯೋದು, ಅಲ್ವಾ ಭಾವ?"

ಕಲ್ಲಿನ ಅರ್ಥ ಗೊತ್ತಿದ್ದೂ ಅದನ್ನು ಕೆಳಗಿಳಿಸಲು ಬಾರೆಗೆ ಹೇಳಿಕೊಟ್ಟವನು ಯಾರು ಎಂಬುದನ್ನು ಆ ಕೈ ವಾಯಿಮ್‌ಗೆ ಹೇಳಿಯಾಗಿತ್ತು. ಅವನ ಬೆನ್ನ ಹಿಂದೆ ಬಾಳೆ ಎಲೆ ಸರಪರ ಸದ್ದು ಮಾಡಿತು. ತಿರುಗಿದರೆ ಅಪೊಲೋನಿಯಾ ಬಾಗಿಲಲ್ಲಿ ನಿಂತಿದ್ದಳು. ನಿನ್ನೆ ಸಂಜೆಯಿಂದ ಔಷಧಿ ಮನೆಯ ಮಂಚದ ಪಕ್ಕ ಕೂತು ಅವಳು ನೋಡಿದ ಅದೇ ಕೈ, ಅದೇ ಎಳೆತ, ಈಗ ಗಂಡನ ಮೈಯಲ್ಲಿ ಕಂಡಿತ್ತು.

"ಅಣ್ಣಾ," ಎಂದಳು, ಗಂಡನ ಮುಖದಿಂದ ಕಣ್ಣು ತೆಗೆಯದೆ. "ಪೈಲಟ್‌ಗೆ ಇದ್ದದ್ದು ಎದೆನೋವಲ್ಲ, ಅಲ್ವಾ?"